ಬುಟ್ಟಿ ಹೆಸರು

ನ್ಯೂಯಾರ್ಕ್
೧೧ ಫೆಬ್ರವರಿ ೧೯೭೪

ಅಕ್ಕಾ,

ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು, ಕುಳಿತುಕೊಂಡು ಓದು. ನನ್ನ ಪುಸ್ತಕ ಬರುತ್ತಿದೆ. ಬೇರೆಯವರ ಕಥೆಗೆ ಮೊಲ, ಕರಡಿ, ಟೋಪಿ ಹಾಕಿದ ಬಾತುಕೋಳಿ ಬರೆದು ಬರೆದು ಕೈ ಸೋತಿತ್ತಲ್ಲ, ಈ ಸಲ ಕಥೆಯೂ ನನ್ನದು, ಚಿತ್ರವೂ ನನ್ನದು. ಮಕ್ಕಳ ಪುಸ್ತಕ. ಕ್ರಿಸ್‌ಮಸ್ಸಿಗೆ ಅಂಗಡಿಗೆ ಬರಬೇಕಂತೆ. ಇದೊಂದು ಕೈಗೂಡಿದರೆ ಬಾತುಕೋಳಿಗಳಿಗೆ ಶಾಶ್ವತವಾಗಿ ಕೈಮುಗಿದುಬಿಡುತ್ತೇನೆ.

ಕಥೆ ನಮ್ಮ ಮುತ್ತಜ್ಜಿ ಜೂಬಾಳದು. ಒಪ್ಪಿದವರು ಥ್ಯಾಡಿಯಸ್ ವಿಟ್ಲೋ ಎಂಬ ಸಂಪಾದಕರು. ನಮ್ಮ ಜನವೇ, ಬಾಸ್ಟನ್ನಿನವರು. ಈ ಪ್ರಕಾಶನದಲ್ಲಿ ಸಂಪಾದಕರ ಕುರ್ಚಿಯಲ್ಲಿ ಕೂತ ಮೊದಲ ಕರಿಯ ಮನುಷ್ಯ. ಬೇಸಿಗೆಯಲ್ಲೂ ಟೈ ಸಡಿಲಿಸುವುದಿಲ್ಲ. ಗುಲಾಮರ ಕಾಲದಲ್ಲಿ ನಮ್ಮವರು ಹೇಗೆ ಎದುರು ನಿಂತರು ಅನ್ನುವುದನ್ನು ನಮ್ಮ ಮಕ್ಕಳು ಓದಬೇಕು, ಅದೂ ನಮ್ಮವರೇ ಬರೆದದ್ದನ್ನು ಓದಬೇಕು ಎಂಬುದು ಅವರ ಹಟ.

ನನ್ನ ಬರಹದಲ್ಲಿ ಒಂದು ಕಡೆ ಡಾರ್ಕಸ್ ಎಂದಿದೆ, ಇನ್ನೊಂದು ಕಡೆ ಜೂಬಾ ಎಂದಿದೆ, ಇವರು ಇಬ್ಬರಾ ಎಂದು ಕೇಳಿದರು. ಡಾರ್ಕಸ್ ಧಣಿ ಕಾಗದದಲ್ಲಿ ಬರೆಸಿದ ಹೆಸರು, ಜೂಬಾ ನಮ್ಮವರು ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ಕರೆದ ಹೆಸರು, ನಮ್ಮ ದ್ವೀಪದಲ್ಲಿ ಇವತ್ತಿಗೂ ಎಲ್ಲರಿಗೂ ಎರಡೆರಡು ಹೆಸರು ಎಂದು ವಿವರಿಸಿದೆ. ಕಾಗದದಲ್ಲಿ ನಾನು ಲೂವೀನಿಯಾ, ಆದರೆ ಹುಟ್ಟಿದಾಗ ಎಳ್ಳುಕಾಳಿನಷ್ಟಿದ್ದೆನಾದ್ದರಿಂದ ಮನೆಯಲ್ಲಿ ಬೆನ್ನೀ, ಅಂದರೆ ದ್ವೀಪದ ಮಾತಿನಲ್ಲಿ ಎಳ್ಳು, ಎಂದೂ ಹೇಳಿದೆ. ನಿನ್ನ ಬುಟ್ಟಿ ಹೆಸರನ್ನು ಹೇಳಲಿಲ್ಲ, ಹೆದರಬೇಡ.

ಅಮ್ಮ ಬೆಳೆದದ್ದು ಮುತ್ತಜ್ಜಿಯ ಮಡಿಲಲ್ಲಿ. ಅಮ್ಮನ ಬಾಯಿಂದ ನೀನು ಕೇಳಿದ್ದೆಲ್ಲ ಬರೆ. ನೋಡಲು ಹೇಗಿದ್ದಳು? ಏನು ಉಡುತ್ತಿದ್ದಳು? ಚಿತ್ರ ಸುಳ್ಳಾಗಬಾರದು.

ನಿನ್ನ ತಂಗಿ,
ಬೆನ್ನೀ

---

ಪೆಲಿಕನ್ ದ್ವೀಪ, ದಕ್ಷಿಣ ಕೆರೊಲಿನಾ
೨೨ ಫೆಬ್ರವರಿ ೧೯೭೪

ಲೇ ಬೆನ್ನೀ,

ನಿನ್ನ ಕಾಗದವನ್ನು ಭಾನುವಾರ ಪ್ರಾರ್ಥನೆ ಮನೆಯಲ್ಲಿ ಎಲ್ಲರೆದುರು ಓದಿದೆ. ಓದುವಾಗ ಬಾತುಕೋಳಿಯ ವಿಷಯ ಬಿಟ್ಟೆ. ಇಷ್ಟು ವರ್ಷ ನ್ಯೂಯಾರ್ಕಿನಲ್ಲಿ ನೀನು ದೊಡ್ಡ ದೊಡ್ಡ ಜನರ ಚಿತ್ರ ಬರೆಯುತ್ತಿದ್ದೀಯ ಅಂತ ಇಲ್ಲಿ ಹೇಳಿಕೊಂಡು ಬಂದಿದ್ದೇನೆ.

ಮುತ್ತಜ್ಜಿ ದಪ್ಪ. ಬರೀ ದಪ್ಪವಲ್ಲ, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲೆ. ಮುಂದಿನ ಎರಡು ಹಲ್ಲಿನ ನಡುವೆ ಸಂದು, ಅದರಲ್ಲಿ ಹೊಗೆಸೊಪ್ಪಿನ ಕೊಳವೆ. ತಲೆಗೆ ಕೆಂಪು ವಸ್ತ್ರ. ಧಣಿಯ ಅಡುಗೆಮನೆ ಅವಳ ಕೈಯಲ್ಲಿತ್ತು, ಧಣಿಯ ಮನೆಯವರು ಉಂಡದ್ದಕ್ಕಿಂತ ಅವರು ಉಣ್ಣುವ ಮೊದಲೇ ಇವಳು ರುಚಿ ನೋಡಿದ್ದು ಹೆಚ್ಚು.

ಯಾವಾಗಲೂ ನಗುತ್ತಾ ಇದ್ದಳು. ಅವಳ ನಗುವಿನ ಕಥೆ ನಿನಗೆ ನೆನಪಿರಬೇಕು. ಧಣಿಯ ಮೇಸ್ತ್ರಿ ಬೆಳಗಿನ ಜಾವ ಆಳುಗಳ ಹೆಸರು ಕೂಗುವಾಗ, ಓಡಿಹೋದವನ ಹೆಸರಿಗೆ ಇನ್ನೊಬ್ಬ ಓಗೊಡುತ್ತಿದ್ದ. ಹಾಗೆ ಹೇಳಿಕೊಟ್ಟವಳು ಇವಳೇ. ಓಡಿದವನು ಎಷ್ಟೋ ದೂರ ಮುಟ್ಟಿದ ಮೇಲೆ ಮೇಸ್ತ್ರಿಗೆ ಗೊತ್ತಾಗುತ್ತಿತ್ತು. ಓಡಿದವರನ್ನು ಹಿಡಿಯುವ ಕುದುರೆಯವರು ಅಡುಗೆಮನೆಗೆ ನುಗ್ಗಿ, ತಪ್ಪಿಸಿಕೊಂಡ ಕೇಟೋ ಎಲ್ಲಿ ಎಂದು ಗದರಿಸಿದರೆ, "ಕೇಟೋನಾ? ಆ ಹೆಸರಿನೋನು ಯಾವತ್ತೂ ನನ್ನ ಕೈಯಡುಗೆ ಉಂಡಿಲ್ಲ ಧಣಿ" ಅನ್ನುತ್ತಿದ್ದಳು. ಅದು ಸುಳ್ಳಲ್ಲ ನೋಡು. ಗುಡಿಸಲುಗಳಲ್ಲಿ ಅವನನ್ನು ಯಾರೂ ಕೇಟೋ ಎಂದು ಕರೆಯುತ್ತಿರಲಿಲ್ಲ. ಭಾನುವಾರ ಹಾಡು ಹೇಳುವ ಹೆಂಗಸು, ಸುಳ್ಳು ಹೇಳಿಯಾಳೇ? ಹಾಗೆ ಹೇಳಿ ನಗುತ್ತಿದ್ದಳು. ಕೇಟೋ ಅವರ ತಲೆಯ ಮೇಲೆಯೇ ಅಟ್ಟದಲ್ಲಿ ಮಲಗಿರುತ್ತಿದ್ದ. ಹಲಗೆ ಕಿರುಗುಟ್ಟಿದಾಗಲೆಲ್ಲ ಇವಳ ನಗು ಜೋರಾಗುತ್ತಿತ್ತು. ಹೆಂಗಸಿಗೆ ತಲೆ ಸರಿಯಿಲ್ಲ ಎಂದುಕೊಂಡು, ಒಂದೊಂದು ಬಿಸ್ಕತ್ತು ಜೇಬಿಗೆ ಹಾಕಿಕೊಂಡು ಅವರು ಹೋಗುತ್ತಿದ್ದರು.

ದಪ್ಪಗೆ ಬರೆ. ಕಾಗದ ಸಾಲದಿದ್ದರೆ ಕೇಳು, ಕಳಿಸುತ್ತೇನೆ.

ನಿನ್ನ ಅಕ್ಕ

---

ನ್ಯೂಯಾರ್ಕ್
೧೯ ಮಾರ್ಚ್ ೧೯೭೪

ಅಕ್ಕಾ,

ಎಡವಟ್ಟಾಯಿತು. ನೀನು ಹೇಳಿದ ಹಾಗೆಯೇ ಬರೆದೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ. ವಿಟ್ಲೋ ಅವರು ಚಿತ್ರ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು.

"ಲೂವೀನಿಯಾ, ಇವಳನ್ನ ನಾನು ಹುಟ್ಟಿದಾಗಿಂದ ನೋಡ್ತಾ ಇದೀನಿ" ಎಂದರು. "ಹಿಟ್ಟಿನ ಡಬ್ಬದ ಮೇಲೆ ನೋಡಿದೀನಿ. ಸಿನಿಮಾದಲ್ಲಿ ನೋಡಿದೀನಿ. ದಪ್ಪಗಿರ್ತಾಳೆ, ತಲೆಗೆ ಬಟ್ಟೆ ಕಟ್ಟಿರ್ತಾಳೆ, ಹಲ್ಲು ಕಿಸೀತಾಳೆ, ಬಿಳಿಯರ ಮಕ್ಕಳಿಗೆ ತಿಂಡಿ ಕೊಡ್ತಾಳೆ. ಅವಳನ್ನ ಓಡಿಸೋಕೇ ನಾನು ಈ ಕುರ್ಚೀಲಿ ಕೂತಿರೋದು. ನೀವು ಅವಳನ್ನೇ ಕರ್ಕೊಂಡು ಬಂದಿದೀರಲ್ಲ."

ಅವರು ಹೇಳಿದ್ದು ನಿಜ. ಆ ಡಬ್ಬವನ್ನು ನನ್ನ ಚಿತ್ರದ ಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗಿದೆ.

ಅವರಿಗೆ ಬೇಕಾಗಿರುವುದು ತೆಳ್ಳಗೆ, ಎತ್ತರ, ಸಂಕಟದ ಕಣ್ಣು, ಕಾಲ ಬಳಿ ತುಂಡಾದ ಸರಪಳಿ, ದೃಷ್ಟಿ ನಕ್ಷತ್ರದ ಕಡೆ. ಮುತ್ತಜ್ಜಿಗೆ ಸರಪಳಿ ಯಾರೂ ಹಾಕಿರಲಿಲ್ಲ ಎಂದೆ. ಹಾಕಿದ್ದರೆ ಅಡುಗೆ ಯಾರು ಮಾಡುತ್ತಿದ್ದರು? ಅವರು ನಗಲಿಲ್ಲ. ಹೀಗೇ ಇದ್ದರೆ ಪುಸ್ತಕ ಮುಂದೆ ಹೋಗುವುದಿಲ್ಲವಂತೆ.

ತೆಳ್ಳಗೆ ಬರೆದುಬಿಡಲೇ? ನಿಜ ಹೇಳು. ಪುಸ್ತಕ ಕೈತಪ್ಪಿ ಹೋಗುವುದಕ್ಕಿಂತ ಅದೇ ವಾಸಿಯಲ್ಲವೇ?

ಬೆನ್ನೀ

---

ಪೆಲಿಕನ್ ದ್ವೀಪ
೨೮ ಮಾರ್ಚ್ ೧೯೭೪

ಬೆನ್ನೀ,

ಬಿಳಿಯರು ಅಣಕಿಸಿದರು ಅಂತ ನಾವು ನಮ್ಮ ಮುತ್ತಜ್ಜಿಯನ್ನು ಉಪವಾಸ ಕೆಡವಬೇಕೇ?

ಯಾವನೋ ಅಂಗಡಿಯವನು ಹಿಟ್ಟು ಮಾರುವುದಕ್ಕೆ ನಮ್ಮ ಮನೆ ಹೆಂಗಸಿನ ಮುಖ ಕದ್ದ. ಈಗ ಕಳ್ಳನಿಗೆ ಹೆದರಿ ನಾವು ಆ ಮುಖವನ್ನೇ ಬಿಟ್ಟುಕೊಟ್ಟು, ಬೇರೆ ಮುಖ ತೊಟ್ಟುಕೊಂಡು ಓಡಾಡಬೇಕು ಅನ್ನು. ನಿನ್ನ ವಿಟ್ಲೋಗೆ ಹೇಳು, ತೆಳ್ಳಗೆ ಎತ್ತರಕ್ಕೆ ನಕ್ಷತ್ರ ನೋಡುತ್ತಾ ನಿಂತವಳ ಮೇಲೆ ಮೇಸ್ತ್ರಿ ಮೊದಲ ದಿನವೇ ಅನುಮಾನಪಡುತ್ತಿದ್ದ.

ಬೈದದ್ದಾಯಿತು. ಇನ್ನೊಂದು ಮಾತು. ಐಸಯಾ ಮಾವನ ಅಂಗಡಿಯಲ್ಲಿ ಆ ಹೆಂಗಸಿನ ಚಿತ್ರದ ಹಿಟ್ಟಿನ ಡಬ್ಬ ಇಟ್ಟಿರುತ್ತಿದ್ದರಲ್ಲ, ಅಮ್ಮ ಸಾಮಾನಿಗೆ ಹೋದಾಗಲೆಲ್ಲ ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ಬರುತ್ತಿದ್ದಳು. ಯಾಕಮ್ಮ ಎಂದರೆ ಸಾಮಾನಿನ ಚೀಲ ನನ್ನ ಕೈಗೆ ಕೊಡುತ್ತಿದ್ದಳು. ನಿನ್ನ ವಿಟ್ಲೋಗೆ ಎಲ್ಲಿ ನೋಯುತ್ತದೆ ಅಂತ ನನಗೂ ಗೊತ್ತು. ಆದರೂ ತೆಳ್ಳಗೆ ಬರೆಯಬೇಡ.

ಅಕ್ಕ

---

ನ್ಯೂಯಾರ್ಕ್
೬ ಮೇ ೧೯೭೪

ಅಕ್ಕಾ,

ನಾಲ್ಕು ವಾರ ಜಗಳವಾಡಿದೆವು. ಉಪವಾಸದ ಮಾತನ್ನು ನನ್ನದೇ ಅನ್ನುವ ಹಾಗೆ ಹೇಳಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಅದು ಅವರಿಗೆ ನಾಟಿದ ಹಾಗಿತ್ತು. ಹೀಗೊಬ್ಬಳು ನಿಜವಾಗಿ ಇದ್ದಳು, ಅವಳ ಮನೆಯವರು ಅದೇ ನೆಲದಲ್ಲಿ ಇನ್ನೂ ಇದ್ದಾರೆ ಎಂದು ಖಾತ್ರಿಯಾದರೆ ಯೋಚಿಸುತ್ತಾರಂತೆ. ಯೋಚಿಸುತ್ತಾರೆ ಅಷ್ಟೇ. ಈಗ ಚಾರ್ಲ್ಸ್‌ಟನ್ನಿಗೆ ಏನೋ ಸಭೆಗೆ ಹೋಗಿದ್ದಾರೆ. ಬಂದ ಮೇಲೆ ನಿನ್ನ ಕೈಲಿ ಅವರಿಗೊಂದು ಕಾಗದ ಬರೆಸುತ್ತೇನೆ. ಬೈಗುಳ ಬಿಟ್ಟು ಬರೆಯಲು ಈಗಿನಿಂದಲೇ ಅಭ್ಯಾಸ ಮಾಡು.

ಬೆನ್ನೀ

---

ಪೆಲಿಕನ್ ದ್ವೀಪ
೮ ಮೇ ೧೯೭೪

ಬೆನ್ನೀ,

ಇವತ್ತು ಎಷ್ಟು ನಕ್ಕಿದ್ದೇವೆ ಅಂದರೆ ಪಕ್ಕೆ ಇನ್ನೂ ನೋಯುತ್ತಿದೆ.

ಸೇತುವೆ ಆದಾಗಿನಿಂದ ಹೋಟೆಲು ಕಟ್ಟುವವರ ಕಡೆಯ ಜನ ವಾರಕ್ಕೊಬ್ಬರು ಬರುತ್ತಾರಲ್ಲ, ಜಮೀನಿಗೆ. ಕಾಗದದ ಹೆಸರು ಹಿಡಿದು ಬರುತ್ತಾರೆ. ಹೋದ ವರ್ಷ ಪಾಪ ಸಬೀನಾ ಚಿಕ್ಕಮ್ಮ ಹೌದು ನಾನೇ ಎಂದು ಸಹಿ ಹಾಕಿಬಿಟ್ಟಳು, ಈಗ ಅವಳ ಹೊಲದಲ್ಲಿ ಬೇರೆಯವರು ಚೆಂಡಾಟ ಆಡುತ್ತಾರೆ. ಈ ಸಲ ನಮ್ಮ ಕಡೆಗೇ ಒಬ್ಬ ಬಂದ. ಈಗ ಬುದ್ಧಿವಂತರಾಗಿದ್ದಾರೆ, ಕರಿಯನನ್ನೇ ಕಳಿಸಿದ್ದಾರೆ. ಟೈ, ಚರ್ಮದ ಚೀಲ, ಹೊಳೆಯುವ ಬೂಟು. ಐಸಯಾ ಮಾವನ ಅಂಗಡಿಯಲ್ಲಿ ನನ್ನ ಕಾಗದದ ಹೆಸರು ಹೇಳಿ, ಅರ್ನೆಟಾ ಪಿಂಕ್ನಿ ಮನೆ ಯಾವುದು ಎಂದನಂತೆ. ಆ ಹೆಸರಿನವರು ಈ ದ್ವೀಪದಲ್ಲೇ ಇಲ್ಲ ಅಂದನಂತೆ ಮಾವ. ಡಾರ್ಕಸ್ ಎಂಬ ಹಿರಿಯಳ ಸಂತಾನ ಎಂದನಂತೆ. ಡಾರ್ಕಸ್ಸೇ ಗೊತ್ತಿಲ್ಲ, ಇನ್ನು ಸಂತಾನ ಎಲ್ಲಿಂದ ಅಂದನಂತೆ.

ಬಿಡುವ ಆಸಾಮಿಯಲ್ಲ. ಬಿಸಿಲಲ್ಲಿ ಮನೆಮನೆಗೂ ಹೋಗಿ ಕೇಳಿ, ಕೊನೆಗೆ ನನ್ನ ಬಾಗಿಲಿಗೇ ಬಂದ. ನಾನು ಅಂಗಳದಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ. "ಅರ್ನೆಟಾ ಪಿಂಕ್ನಿ ಅನ್ನೋರು ಗೊತ್ತಾ ತಾಯೀ?" ಎಂದ. "ಈ ಮನೇಲಿ ಹುಟ್ಟಿ ಇಷ್ಟು ವರ್ಷ ಆಯ್ತು, ಆ ಹೆಸರಲ್ಲಿ ಯಾರನ್ನೂ ಕರೆದಿದ್ದು ಕೇಳಿಲ್ಲ ಯಜಮಾನ್ರೇ" ಅಂದೆ. ಅದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳು. ಕುಡಿಯಲು ನೀರು ಕೊಟ್ಟೆ, ದೋಣಿಕಟ್ಟೆಯ ಕಡೆ ದಾರಿ ತೋರಿಸಿದೆ. ಅಲ್ಲಿ ನಾಯಿ ಇದೆ.

ಅಕ್ಕ

---

ನ್ಯೂಯಾರ್ಕ್
೧೪ ಮೇ ೧೯೭೪

ಅಕ್ಕಾ,

ಅದು ವಿಟ್ಲೋ.

ಚಾರ್ಲ್ಸ್‌ಟನ್ನಿನಲ್ಲಿ ಸಭೆ ಬೇಗ ಮುಗಿಯಿತಂತೆ. ತಾವೇ ನೋಡಿ ಬರೋಣ ಎಂದು, ಯಾರಿಗೂ ಹೇಳದೆ, ಬಾಡಿಗೆ ಕಾರಿನಲ್ಲಿ ಬಂದಿದ್ದರಂತೆ. ಪ್ಯಾಂಟಿನ ಒಂದು ಕಾಲು ನಾಯಿಯ ಪಾಲಾಯಿತು.

ಇವತ್ತು ನನ್ನನ್ನು ಒಳಗೆ ಕರೆದರು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೆಲ್ಲಗೆ ಮಾತಾಡಿದರು. ಇಡೀ ದ್ವೀಪ ಸುತ್ತಿದೆ, ನಿಮ್ಮ ಅಕ್ಕನ ಹೆಸರು ಕೇಳಿದವರೂ ಅಲ್ಲಿಲ್ಲ, ಮುತ್ತಜ್ಜಿಯ ಹೆಸರು ಕೇಳಿದವರೂ ಇಲ್ಲ ಎಂದರು. "ಕಟ್ಟುಕತೆ ಅಂತ ಮೊದಲೇ ಹೇಳಿದ್ರೆ ಕಟ್ಟುಕತೆ ಅಂತಾನೇ ಅಚ್ಚು ಹಾಕ್ತಿದ್ದೆ. ಸುಳ್ಳನ್ನ ನಿಜ ಅಂತ ನಾನು ಅಚ್ಚು ಹಾಕಿದ್ರೆ, ನನ್ನ ಹಿಂದೆ ಇನ್ನೊಬ್ಬ ಕರಿಯನನ್ನ ಈ ಕೋಣೆಯೊಳಕ್ಕೆ ಬಿಡ್ತಾರಾ?" ಎಂದರು. ಪುಸ್ತಕ ನಿಂತಿದೆ ಅಕ್ಕಾ. ಮೇಜಿನ ಮೇಲೆ ನನಗೆ ಹೊಸ ಕೆಲಸ ಕಾದಿತ್ತು. ಬಾತುಕೋಳಿ. ಈ ಸಲ ಮಳೆಕೋಟು ಹಾಕಿದೆ.

ಮನೆಗೆ ಬಂದು ನಿನ್ನ ಕಾಗದ ಓದಿ ಬಾಯಿಬಿಟ್ಟು ಅತ್ತೆ. ನಿನ್ನ ಮೇಲೆ ಬಂದ ಸಿಟ್ಟನ್ನು ಕಾಗದದಲ್ಲಿ ಬರೆದರೆ ಅಂಚೆಯವರು ತೂಕ ಹೆಚ್ಚೆಂದು ವಾಪಸು ಕಳಿಸುತ್ತಾರೆ.

ಲೂವೀನಿಯಾ

---

ಪೆಲಿಕನ್ ದ್ವೀಪ
೨೦ ಮೇ ೧೯೭೪

ಬೆನ್ನೀ,

ಲೂವೀನಿಯಾ ಎಂದು ಸಹಿ ಹಾಕಿದ್ದೀಯ. ಅಷ್ಟೊಂದು ಸಿಟ್ಟೇ?

ನನಗೇನು ಗೊತ್ತು? ಟೈ ಕಟ್ಟಿಕೊಂಡು ಕಾಗದದ ಹೆಸರು ಕೂಗುತ್ತಾ ಬಂದವನು ನನ್ನ ಜನ್ಮದಲ್ಲಿ ಒಳ್ಳೆಯದಕ್ಕೆ ಬಂದದ್ದಿಲ್ಲ. ಬಾಸ್ಟನ್ನಿನ ಮನುಷ್ಯ ಎಂದು ಹಣೆಯ ಮೇಲೆ ಬರೆದಿತ್ತೇ?

ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ನಿನ್ನೆ ಸ್ವಲ್ಪ ಸೇರಿತು. ಅವರನ್ನು ಇನ್ನೊಂದು ಸಲ ಕಳಿಸು. ಐಸಯಾ ಮಾವನಿಗೂ ಮುಖ ಸಣ್ಣಗಾಗಿದೆ, ಪ್ಯಾಂಟು ಹೊಲಿದುಕೊಡುತ್ತೇನೆ ಅನ್ನುತ್ತಿದ್ದಾನೆ.

ಅಕ್ಕ

---

ನ್ಯೂಯಾರ್ಕ್
೩ ಜೂನ್ ೧೯೭೪

ಅಕ್ಕಾ,

ನಿನ್ನ ಮೇ ಎಂಟರ ಕಾಗದವನ್ನು ಹಾಗೆಯೇ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಓದಿದರು. ನಾಯಿಯ ವಿಷಯ ಬಂದಲ್ಲಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿದರು. ನಿಮ್ಮ ಕೈಬರಹವೂ ಇದೇ ತರಹ ಇದೆಯಲ್ಲ, ನೀವೇ ಬರೆದದ್ದಲ್ಲ ಎಂದು ಹೇಗೆ ನಂಬಲಿ ಎಂದರು. ಅಮ್ಮ ನಮ್ಮಿಬ್ಬರಿಗೂ ಒಂದೇ ಬೆತ್ತದಿಂದ ಅಕ್ಷರ ಕಲಿಸಿದಳು ಎಂದೆ.

ಬರುವ ಶನಿವಾರ ಮತ್ತೆ ಬರುತ್ತಾರೆ. ಅವರ ಸ್ವಂತ ಖರ್ಚಿನಲ್ಲಿ. ಯಾರನ್ನು ಏನೆಂದು ಕೇಳಬೇಕು ಎಂದರು. ಕಾಗದದ ಹೆಸರು ಹೇಳಿದರೆ ಮತ್ತೆ ನಾಯಿಯೇ ಗತಿ. ಹಾಗಾಗಿ ನಿನ್ನ ಬುಟ್ಟಿ ಹೆಸರು ಹೇಳಿಬಿಟ್ಟೆ. ಕ್ಷಮಿಸು. ಅರ್ಥವನ್ನು ಮಾತ್ರ ಹೇಳಿಲ್ಲ.

ಬೆನ್ನೀ

---

ಪೆಲಿಕನ್ ದ್ವೀಪ
೯ ಜೂನ್ ೧೯೭೪

ಬೆನ್ನೀ,

ನಿನ್ನ ಕಾಗದ ನನಗೆ ಮುಟ್ಟಿದ್ದು ಶನಿವಾರ ಸಂಜೆ. ಅವರು ಬಂದದ್ದು ಶನಿವಾರ ಬೆಳಿಗ್ಗೆ.

ದೋಣಿಕಟ್ಟೆಯಲ್ಲಿ ಸಿಂಪಿ ತೊಳೆಯುತ್ತಾ ಕೂತಿದ್ದೆವು, ಸುಮಾರು ಇಪ್ಪತ್ತು ಜನ, ಪಾದ್ರಿಗಳೂ ಇದ್ದರು. ನಾಯಿಯ ಭಯಕ್ಕೆ ಕಾರಿನಿಂದ ಇಳಿಯದೆ, ಕಿಟಕಿಯಿಂದ ತಲೆ ಹೊರಹಾಕಿ, ಬಾಸ್ಟನ್ನಿನ ಸ್ಪಷ್ಟ ಉಚ್ಚಾರಣೆಯಲ್ಲಿ, "ಕೂಟಾ ಅವರು ಇದ್ದಾರಾ? ಶ್ರೀಮತಿ ಕೂಟಾ ಅವರು?" ಎಂದು ಕೂಗಿದರು. ಆಮೆ ಅವರು ಇದ್ದಾರಾ! ಎರಡು ವರ್ಷದವರೆಗೆ ನಡೆಯದೆ ಕೂತಿದ್ದಕ್ಕೆ ಅಪ್ಪ ಇಟ್ಟ ಹೆಸರು. ನನ್ನ ಗಂಡ ಬದುಕಿದ್ದಾಗ ಅವನೇ ಅದನ್ನು ಬೀದಿಯಲ್ಲಿ ಕರೆಯಲು ಹೆದರುತ್ತಿದ್ದ. ಪಾದ್ರಿಗಳು ಸಿಂಪಿಯ ಬುಟ್ಟಿಯ ಹಿಂದೆ ಬಗ್ಗಿ ಕೂತು ನಕ್ಕರು. ಈ ಋಣವನ್ನು ನೀನು ತೀರಿಸಲಿಕ್ಕಿದೆ.

ಆದರೆ ಆ ಹೆಸರು ಕಿವಿಗೆ ಬಿದ್ದ ತಕ್ಷಣ ನೋಡು, ಇಪ್ಪತ್ತು ಕೈ ನನ್ನ ಕಡೆ ತೋರಿಸಿದವು.

ಮನೆಗೆ ಕರೆದುಕೊಂಡು ಹೋಗಿ ಕೆಂಪು ಅನ್ನ, ಏಡಿ ಬಡಿಸಿದೆ. ಟೈ ಸಡಿಲಿಸಿದರು, ನಾನು ಕಣ್ಣಾರೆ ಕಂಡೆ. ಕ್ಷಮೆ ಕೇಳಿದೆ, ಆ ದಿನ ಹೇಳಿದ್ದು ಸುಳ್ಳಲ್ಲ ಅಂತಲೂ ಹೇಳಿದೆ. ಅವರು ಕೈಯಲ್ಲಿದ್ದ ಏಡಿಯ ಕಾಲನ್ನು ತಟ್ಟೆಗಿಟ್ಟರು. "ಅವತ್ತು ನನ್ನ ಮೇಸ್ತ್ರಿ ಮಾಡಿಬಿಟ್ರಲ್ಲ ತಾಯೀ" ಎಂದರು. "ನೀರು ಕೊಟ್ಟು, ನಗ್ತಾ ನಗ್ತಾ ದಾರಿ ತೋರಿಸಿದ್ರಿ. ಈ ಹೆಂಗಸಿಗೆ ಏನೂ ಗೊತ್ತಿಲ್ಲ ಪಾಪ ಅಂದ್ಕೊಂಡು ಹೋದೆ ನಾನು." ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

ನಗು ನಿಂತ ಮೇಲೆ ಹೇಳಿದ್ದು ನಿನಗೆ ಬೇಕಾದ ಮಾತು. ಅವರ ತಾಯಿ ಫೋಟೋ ತೆಗೆಸುವಾಗ ಹಲ್ಲು ಬಿಡಬೇಡ ಎಂದು ಚಿವುಟುತ್ತಿದ್ದರಂತೆ. ಅವರ ಮನೆಯ ಯಾವ ಫೋಟೋದಲ್ಲೂ ಒಬ್ಬರೂ ನಕ್ಕಿಲ್ಲವಂತೆ. "ಡಬ್ಬದ ಮೇಲಿರೋಳು ಕೊಳ್ಳೋಕೆ ಬಂದೋರಿಗೆ ಅಂತ ನಗ್ತಾಳೆ. ನಿಮ್ಮ ಮುತ್ತಜ್ಜಿ ಆ ಕುದುರೆಯೋರನ್ನ ನೋಡಿ ನಗ್ತಿದ್ಲು. ಇಷ್ಟು ಓದಿ ನಂಗೆ ಇದು ಹೊಳೀಲಿಲ್ಲ" ಎಂದರು. ನನಗೂ ಅದು ಹಾಗೆ ಹೊಳೆದಿರಲಿಲ್ಲ ಬೆನ್ನೀ. ಸುಮ್ಮನೆ ಇನ್ನಷ್ಟು ಅನ್ನ ಬಡಿಸಿದೆ.

ದಪ್ಪಗೆ ಇರಲಂತೆ. ಅಟ್ಟದ ಮೇಲಿನವನು ಪ್ರತಿ ಪುಟದಲ್ಲೂ ಮಕ್ಕಳಿಗೆ ಕಾಣಬೇಕಂತೆ, ಆಗ ಅವಳು ಯಾಕೆ ನಗುತ್ತಾಳೆ ಎಂದು ಅವರಿಗೆ ಗೊತ್ತಾಗುತ್ತದಂತೆ.

ಆಮೆ

---

ನ್ಯೂಯಾರ್ಕ್
೩ ಸೆಪ್ಟೆಂಬರ್ ೧೯೭೪

ಅಕ್ಕಾ,

ಚಿತ್ರ ಎಲ್ಲ ಮುಗಿಯಿತು. ಮುತ್ತಜ್ಜಿ ಎರಡು ಪುಟ ತುಂಬ ಹರಡಿಕೊಂಡಿದ್ದಾಳೆ, ಕುದುರೆಯವರಿಗೆ ಮೂಲೆಯಲ್ಲಿ ಜಾಗ ಸಿಕ್ಕಿದ್ದೇ ಹೆಚ್ಚು. ಅಂಗಡಿಗೆ ಮಾರುವ ವಿಭಾಗದವರು ಇವಳು ತೀರ ದಪ್ಪ ಎಂದರಂತೆ. ವಿಟ್ಲೋ ಅವರು ಅಲ್ಲಿ ನನ್ನ ಪರ ನಿಂತು, ಉಪವಾಸದ ಮಾತು ಹೇಳಿದರಂತೆ, ತಮ್ಮದೇ ಅನ್ನುವ ಹಾಗೆ.

ಹೊದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ಜೂಬಾ ಎಂದು ಬರುತ್ತದೆ. ಡಾರ್ಕಸ್ ಅಲ್ಲ, ನಮ್ಮವರು ಕರೆದ ಹೆಸರು. ಅದಕ್ಕಾಗಿಯೂ ಹೊಡೆದಾಡಿದ್ದೇನೆ. ಕಾಗುಣಿತ ಸರಿಯಿದೆಯೇ, ದೀರ್ಘವೋ ಹ್ರಸ್ವವೋ, ಬೇಗ ಬರೆ. ಅಚ್ಚಿಗೆ ಹೋಗುವ ಹೊತ್ತು.

ಬೆನ್ನೀ

---

ಪೆಲಿಕನ್ ದ್ವೀಪ
೧೦ ಸೆಪ್ಟೆಂಬರ್ ೧೯೭೪

ಬೆನ್ನೀ,

ದೀರ್ಘವಾದರೂ ಸರಿ, ಹ್ರಸ್ವವಾದರೂ ಸರಿ. ಅದು ಅವಳ ಹೆಸರಲ್ಲ.

ಬೈಯಬೇಡ, ಪೂರ್ತಿ ಓದು. ಚಿಕ್ಕಂದಿನಲ್ಲಿ ನಿನ್ನ ಬಾಯಿ ಹೇಗಿತ್ತು ನೆನೆಸಿಕೋ. ಮನೆಯಲ್ಲಿ ಬೇಯುತ್ತಿರುವುದು ಏನು ಎಂದು ಅಂಗಡಿಗೆ ಬಂದ ಬಿಳಿಯರಿಗೂ ಹೇಳಿ ಬರುತ್ತಿದ್ದೆ. ಮುತ್ತಜ್ಜಿಯ ಹೆಸರು ಏನಮ್ಮ ಎಂದು ನೀನು ಕೇಳಿದಾಗ ಅಮ್ಮ ನನ್ನ ಮುಖ ನೋಡಿದಳು, ಜೂಬಾ ಎಂದಳು. ಹೊರಗಿನವರು ಕೇಳಿದರೆ ಹೇಳಲು ಇಟ್ಟುಕೊಂಡಿದ್ದ ಹೆಸರು ಅದು. ನೀನು ದೊಡ್ಡವಳಾದ ಮೇಲೆ ನಿಜವಾದದ್ದನ್ನು ಹೇಳುತ್ತೇನೆ ಎಂದಿದ್ದಳು. ಅಷ್ಟರಲ್ಲಿ ನೀನು ನ್ಯೂಯಾರ್ಕಿಗೆ ಹೋದೆ, ಅವಳೂ ಹೋದಳು.

ಪುಸ್ತಕಕ್ಕೆ ಜೂಬಾ ಇರಲಿ. ನಿಜವಾದದ್ದು ಅಂಚೆಯಲ್ಲಿ ಬರುವ ಹೆಸರಲ್ಲ. ನೀನೇ ಬಾ.

ಅಕ್ಕ

---

ನ್ಯೂಯಾರ್ಕ್
೧೬ ಸೆಪ್ಟೆಂಬರ್ ೧೯೭೪

ಚಿತ್ರ ಸುಳ್ಳಾಗಬಾರದು ಎಂದು ಏಳು ತಿಂಗಳು ಬಡಿದಾಡಿದವಳು ನಾನು. ಈಗ ಹೊದಿಕೆಯ ಮೇಲಿನ ಹೆಸರೇ ಸುಳ್ಳು. ನಾನು ಆ ಮನೆಗೆ ಹೊರಗಿನವಳೇ ಅಕ್ಕಾ? ನಲವತ್ತು ವರ್ಷವಾದರೂ ಅಂಗಡಿಗೆ ಬಂದವರ ಲೆಕ್ಕವೇ?

ಶುಕ್ರವಾರದ ರೈಲಿಗೆ ಹೊರಡುತ್ತೇನೆ. ಅಚ್ಚಿನ ಕೊನೆಯ ಹಾಳೆ ಮುಂದಿನ ಬುಧವಾರ ನನ್ನ ಕೈಗೆ ಬರುತ್ತದೆ. ಬೇಕಾದರೆ ಬದಲಾಯಿಸುತ್ತೇನೆ. ನಿನಗೆ ಈಗಲೇ ಹೇಳಿದ್ದೇನೆ.

---

ನ್ಯೂಯಾರ್ಕ್
೨೫ ಸೆಪ್ಟೆಂಬರ್ ೧೯೭೪

ಅಕ್ಕಾ,

ಸುಖವಾಗಿ ಬಂದು ಮುಟ್ಟಿದೆ. ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಜಾಗ ಬದಲಾಯಿಸಿದಳು. ಅಂಗಳದಲ್ಲಿ ನೀನು ಕಿವಿಯಲ್ಲಿ ಹೇಳಿದ್ದು ನೆನಪಾಗಿ ನಾನು ಒಬ್ಬಳೇ ನಗುತ್ತಿದ್ದೆ, ನಡುವೆ ಅಳುತ್ತಿದ್ದೆ. ಅಂಥ ಹೆಸರು! ಅವಳನ್ನು ಬುಟ್ಟಿಯಲ್ಲಿ ಕಂಡು ಅದನ್ನು ಇಟ್ಟವರು ಯಾರೋ, ಅವರಿಗೆ ಎಲ್ಲಾ ಮೊದಲೇ ಗೊತ್ತಿತ್ತು.

ಇವತ್ತು ಬುಧವಾರ. ವಿಟ್ಲೋ ಅವರು ಕೊನೆಯ ಹಾಳೆಗಳನ್ನು ನನ್ನ ಮುಂದೆ ಹರಡಿದರು. ಅವರೂ ನಿನ್ನ ಕೈಯ ಅನ್ನ ಉಂಡವರು, ನಮ್ಮವರೇ ಆಗಿದ್ದಾರೆ, ಒಂದು ಕ್ಷಣ ನನ್ನ ನಾಲಿಗೆ ತುರಿಸಿತು. ಪೆನ್ಸಿಲ್ಲೂ ಕೈಯಲ್ಲಿತ್ತು. ಅವರು ಹೊದಿಕೆಯ ಮೇಲೆ ಬೆರಳಿಟ್ಟು, "ಹೆಸರು ಸರಿಯಾಗಿದೆ ತಾನೇ ಬೆನ್ನೀ?" ಎಂದು ಕೇಳಿದರು.

ಸರಿಯಾಗಿದೆ ಸಾರ್, ಅಚ್ಚಿಗೆ ಕಳಿಸಿ ಎಂದೆ.

ನಿನ್ನ ತಂಗಿ,
ಬೆನ್ನೀ